ಅಕಸ್ಮಾತ್ತಿನ ಲೆಕ್ಕ: ಸೈನಿಕರ ಯುದ್ಧೇತರ ಮರಣಗಳ ವಿಚಾರ

‘ಅಕಸ್ಮಾತ್’ ಎಂಬುದು ಸಂಸ್ಕೃತದಿಂದ ನಮ್ಮ ನುಡಿಗೆ ಬಂದು ಮನೆಮಾತಾಗಿರುವ ಪದ. ‘ಕಸ್ಮಾತ್’ ಎಂದರೆ ‘ಯಾವ ಕಾರಣದಿಂದ’ ಎಂದರ್ಥ. ಅದಕ್ಕೆ ನಿಷೇಧಾರ್ಥದ ‘ಅ’ಕಾರ ಸೇರಿದಾಗ ‘ಕಾರಣವಿಲ್ಲದೆ’ ಎಂಬ ಭಾವ ಬರುತ್ತದೆ. ಸೈನಿಕನೊಬ್ಬನು ರಸ್ತೆಯಲ್ಲೋ, ಕವಾಯತಿನ ಮೈದಾನದಲ್ಲೋ, ರಜೆಯ ಪ್ರಯಾಣದಲ್ಲೋ ಮಡಿದಾಗ ನಾವು ಬಳಸುವುದು ಈ ಪದವನ್ನೇ. ಇಂತಹ ಮರಣಗಳು ನಿಜವಾಗಿಯೂ ನಿಷ್ಕಾರಣವೇ? ಕಾರಣ ಉಂಟೆಂದಾದರೆ ಅವನ್ನು ತಡೆಯುವ ಬಗೆ ಯಾವುದು? ಇದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಈ ಪ್ರಶ್ನೆ ನನ್ನಲ್ಲಿ ಮೊದಲು ಮೂಡಿದ್ದು ಬ್ಯಾಂಕಿನ ಮೇಜಿನ ಮುಂದೆ. ಸೈನಿಕರ ಪಿಂಚಣಿ ಬ್ಯಾಂಕುಗಳ ಮೂಲಕವೇ ಸಲ್ಲುತ್ತಿದ್ದ ಕಾಲದಲ್ಲಿ ನಾನು ಪುಣೆಯ ಒಂದು ಶಾಖೆಯಲ್ಲಿ ಆ ವಿಭಾಗವನ್ನು ನೋಡಿಕೊಳ್ಳುತ್ತಿದ್ದೆನು. ಬೆಳಗಾವಿಯ ಕಡೆಯ ಓರ್ವ ಹೆಣ್ಣುಮಗಳು ಇಂಗ್ಲಿಷಿನ ಆಜ್ಞಾಪತ್ರವೊಂದನ್ನು ನನ್ನ ಮುಂದಿಟ್ಟು, “ಸಾಹೇಬ್ರ, ಇದರಾಗ ಏನ ಬರದಾರ್ರೀ?” ಎಂದು ಕೇಳಿದಳು. ಆಕೆಯ ಗಂಡ ರಜೆಯಲ್ಲಿ ಊರಿಗೆ ಬಂದಿದ್ದಾಗ ಮೋಟಾರು ಸೈಕಲ್ಲಿನಿಂದ ಬಿದ್ದು ತೀರಿಕೊಂಡಿದ್ದನು. ಮರಣಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಪತ್ರದಲ್ಲಿತ್ತು. ಅದನ್ನು ಕನ್ನಡದಲ್ಲಿ ತಿಳಿಸಬೇಕಾದ ಹೊಣೆ ನನ್ನದಾಯಿತು.

ಭಾರತೀಯ ಸೇನೆಯ ಕುಟುಂಬ ಪಿಂಚಣಿ ಸ್ಥೂಲವಾಗಿ ಮೂರು ಬಗೆಯದು. ಯುದ್ಧದಲ್ಲಿ ಅಥವಾ ತತ್ಸಮಾನ ಕಾರ್ಯಾಚರಣೆಯಲ್ಲಿ ಮಡಿದವನ ಪತ್ನಿಗೆ ಕೊನೆಯ ವೇತನದಷ್ಟೇ ಮೊತ್ತ. ಸೇವೆಯ ಕಾರಣದಿಂದ ಮರಣವಾದರೆ ಶೇಕಡ 60. ಸೇವೆಗೆ ಸಂಬಂಧವಿಲ್ಲವಾದರೆ, ಆರಂಭದ ಕೆಲವು ವರ್ಷಗಳ ತರುವಾಯ, ಶೇಕಡ 30. ರಜೆಯ ಕಾಲದ ಅಪಘಾತಕ್ಕೂ ಸೇವೆಗೂ ಕಾರ್ಯಕಾರಣ ಸಂಬಂಧ ಕಾಣಿಸಿದ ಹೊರತು ಮೇಲಿನ ದರ ದೊರೆಯುವುದಿಲ್ಲ. ನಿಯಮಕ್ಕೆ ಅದರದೇ ಆದ ತರ್ಕವುಂಟು. ಆದರೆ ದುಃಖಕ್ಕೆ ಮೂರು ದರಗಳಿಲ್ಲ. ಆದುದರಿಂದ ಮರಣಾನಂತರದ ವರ್ಗೀಕರಣಕ್ಕಿಂತ ಮರಣವನ್ನು ತಡೆಯುವ ಶಾಸ್ತ್ರ ಹೆಚ್ಚು ವಿಚಾರಾರ್ಹವೆಂದು ನನಗೆ ತೋರಿತು.

ಈ ಶಾಸ್ತ್ರದ ಮೊದಲ ಪಾಠ ಕುದುರೆಯ ಲಾಯದಿಂದ ಬಂದಿತು. ಲಾಡಿಸ್ಲಾಸ್ ಬೋರ್ಟ್‌ಕೀವಿಚ್ ಎಂಬ ಗಣಿತಜ್ಞನು 1898ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ, ಪ್ರಷ್ಯಾದ ಸೇನೆಯಲ್ಲಿ ಕುದುರೆಯ ಒದೆತದಿಂದ ಸತ್ತವರ ಲೆಕ್ಕವಿದೆ. ಹದಿನಾಲ್ಕು ಸೇನಾವಿಭಾಗಗಳ ಪೈಕಿ ರಚನೆಯಲ್ಲಿ ಭಿನ್ನವಾದ ನಾಲ್ಕನ್ನು ಬಿಟ್ಟು, ಉಳಿದ ಹತ್ತನ್ನು 1875ರಿಂದ 1894ರವರೆಗೆ ಇಪ್ಪತ್ತು ವರ್ಷಗಳ ಕಾಲ ನೋಡಿದರೆ 200 ನಮೂದುಗಳಾಗುತ್ತವೆ. ಅವುಗಳಲ್ಲಿ 109ರಲ್ಲಿ ಒಂದು ಸಾವೂ ಇಲ್ಲ. 65ರಲ್ಲಿ ಒಂದು, 22ರಲ್ಲಿ ಎರಡು, 3ರಲ್ಲಿ ಮೂರು, ಒಂದರಲ್ಲಿ ನಾಲ್ಕು. ಒಟ್ಟು ಸಾವು 122, ಸರಾಸರಿ 0.61. ಫ್ರಾನ್ಸಿನ ಪ್ವಾಸೋನ್ 1837ರಲ್ಲಿ ನಿರೂಪಿಸಿದ್ದ ಸಂಭವನೀಯತೆಯ ಸೂತ್ರಕ್ಕೆ ಈ ಒಂದೇ ಸರಾಸರಿಯನ್ನು ಕೊಟ್ಟರೆ, ಸಾವಿಲ್ಲದ ನಮೂದುಗಳು ಸುಮಾರು 109, ಒಂದು ಸಾವಿನವು 66, ಎರಡರವು 20 ಎಂದು ಉತ್ತರ ಬರುತ್ತದೆ. ಲೆಕ್ಕಕ್ಕೂ ವಾಸ್ತವಕ್ಕೂ ಇಷ್ಟು ಹೊಂದಿಕೆ!

ಇದರಿಂದ ಎರಡು ನಿರ್ಣಯಗಳು ಹೊರಡುತ್ತವೆ. ಒಂದು ವರ್ಷ ಒಂದು ವಿಭಾಗದಲ್ಲಿ ನಾಲ್ವರು ಸತ್ತರೆಂಬ ಮಾತ್ರಕ್ಕೆ ಅಲ್ಲಿಯ ಅಧಿಕಾರಿ ಉಳಿದವರಿಗಿಂತ ಅಲಕ್ಷ್ಯ ಮಾಡಿದನೆಂದು ಹೇಳಲಾಗದು. ಅಂತಹ ಏರಿಳಿತ ಸಣ್ಣ ಸಂಖ್ಯೆಗಳ ಸ್ವಭಾವ. ಹಾಗೆಯೇ ಸಾವಿಲ್ಲದ ವರ್ಷವನ್ನು ಕಂಡು ಬೀಗುವುದೂ ಸಲ್ಲದು. ಎರಡನೆಯದು ಇನ್ನೂ ಮುಖ್ಯ. ಯಾರು ಯಾವಾಗ ಸಾಯುವರೆಂಬುದು ಅನಿಶ್ಚಿತವಾದರೂ 0.61 ಎಂಬ ಸರಾಸರಿ ವಿಧಿಲಿಖಿತವಲ್ಲ. ಕುದುರೆ, ಲಾಯ, ಸವಾರನ ಶಿಕ್ಷಣ ಇವೆಲ್ಲ ಸೇರಿ ಆ ಸರಾಸರಿಯನ್ನು ಹುಟ್ಟಿಸುತ್ತವೆ. ವ್ಯವಸ್ಥೆಯನ್ನು ಬದಲಿಸಿದರೆ ಸರಾಸರಿಯೂ ಬದಲಾಗುವುದು. ಆದುದರಿಂದ ತಡೆಯುವವನ ದೃಷ್ಟಿ ಒಬ್ಬ ತಪ್ಪಿತಸ್ಥನನ್ನು ಹಿಡಿಯುವುದರ ಕಡೆಗಿಂತ ಸರಾಸರಿಯನ್ನು ಇಳಿಸುವುದರ ಕಡೆಗೆ ಇರಬೇಕು.

ಕುದುರೆ ಹೋಗಿ ಮೋಟಾರು ಸೈಕಲ್ ಬಂದಿತು. ಅರೇಬಿಯಾದ ಲಾರೆನ್ಸ್ ಎಂದು ಪ್ರಸಿದ್ಧನಾದ ಟಿ. ಇ. ಲಾರೆನ್ಸ್ 1935ರಲ್ಲಿ, ಸೇವೆಯಿಂದ ಬಿಡುಗಡೆಯಾದ ಕೆಲವೇ ವಾರಗಳಲ್ಲಿ, ಸೈಕಲ್ ಸವಾರರಾಗಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ತನ್ನ ಮೋಟಾರು ಸೈಕಲ್ಲಿನಿಂದ ಬಿದ್ದನು. ತಲೆಗೆ ಪೆಟ್ಟಾಗಿ ಆರು ದಿನಗಳ ತರುವಾಯ ಮೃತನಾದನು. ಅವನನ್ನು ಪರೀಕ್ಷಿಸಿದ ವೈದ್ಯರಲ್ಲಿ ಮೆದುಳಿನ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಒಬ್ಬನು. ಎರಡನೆಯ ಮಹಾಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಮೋಟಾರು ಸೈಕಲ್ ಸವಾರರೂ ಹಿಂಬದಿಯವರೂ ಸತ್ತರೆಂಬುದನ್ನು ಆತನು 1941ರ ಪ್ರಬಂಧದಲ್ಲಿ ಎತ್ತಿ ತೋರಿಸಿ ಶಿರಸ್ತ್ರಾಣದ ಉಪಯೋಗವನ್ನು ಪ್ರತಿಪಾದಿಸಿದನು. ಅದೇ ವರ್ಷ ನವೆಂಬರಿನಲ್ಲಿ ಬ್ರಿಟಿಷ್ ಸೇನೆ ಕರ್ತವ್ಯದ ಮೇಲಿರುವ ತನ್ನ ಸವಾರರಿಗೆ ಹೆಲ್ಮೆಟನ್ನು ಕಡ್ಡಾಯ ಮಾಡಿತು. ನಾಗರಿಕರಿಗೆ ಆ ನಿಯಮ ಬಂದದ್ದು 1973ರಲ್ಲಿ. ಬೀಳುವುದನ್ನು ಪೂರ್ತಿಯಾಗಿ ತಪ್ಪಿಸಲಾಗದಿದ್ದರೂ ಬಿದ್ದವನು ಬದುಕುವಂತೆ ಮಾಡಬಹುದೆಂಬುದು ಇಲ್ಲಿಯ ಪಾಠ.

ಮೂರನೆಯ ನಿದರ್ಶನ ನಮ್ಮದೇ ಹಿಮಾಲಯದ್ದು. 1962ರ ಯುದ್ಧದ ಕಾಲದಲ್ಲಿ ಬಯಲುನಾಡಿನ ಸೈನಿಕರನ್ನು ಅತಿ ಶೀಘ್ರವಾಗಿ ಎತ್ತರದ ನೆಲೆಗಳಿಗೆ ಸಾಗಿಸಬೇಕಾಯಿತು. ದೃಢಕಾಯರಾದ ತರುಣರ ಶ್ವಾಸಕೋಶಗಳಲ್ಲಿ ನೀರು ತುಂಬಿಕೊಂಡಿತು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರನ್ನು ಪರಿಶೀಲಿಸಿ ಬರೆದ ಪ್ರಬಂಧ 1969ರಲ್ಲಿ ಪ್ರಕಟವಾಗಿ ಜಗತ್ತಿನ ವೈದ್ಯರ ಗಮನ ಸೆಳೆಯಿತು. ಇಂತಹ ಅನುಭವದಿಂದ ನೆಲೆಗೊಂಡ ನಿಯಮ ಸರಳವಾದುದು: 9,000ದಿಂದ 12,000 ಅಡಿಗಳವರೆಗೆ ಆರು ದಿನ, 15,000ದವರೆಗೆ ನಾಲ್ಕು ದಿನ, ಅದಕ್ಕೂ ಮೇಲೆ ಮತ್ತೆ ನಾಲ್ಕು ದಿನ ತಂಗಿ ದೇಹವನ್ನು ಒಗ್ಗಿಸಿಕೊಳ್ಳಬೇಕು, ಮೊದಲ ಎರಡು ದಿನ ವಿಶ್ರಾಂತಿಯೇ ಕೆಲಸ. ಇಲ್ಲಿ ಔಷಧಕ್ಕಿಂತ ಪಂಚಾಂಗವೇ ಹೆಚ್ಚು ಜೀವಗಳನ್ನು ಉಳಿಸುತ್ತದೆ.

ಆದರೂ ಪ್ರಕೃತಿಯ ಮುಂದೆ ನಿಯಮಕ್ಕೆ ಮಿತಿಯುಂಟು. 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ತರುವಾಯ ಜೀವಂತವಾಗಿ ದೊರೆತು, ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದುದು ಕನ್ನಡಿಗರು ಮರೆಯುವ ಸಂಗತಿಯಲ್ಲ. ಆ ಹಿಮನದಿಯಲ್ಲಿ ಗುಂಡಿಗಿಂತ ಹವೆ, ಹಿಮ, ಎತ್ತರಗಳೇ ಹೆಚ್ಚು ಸೈನಿಕರನ್ನು ಬಲಿ ತೆಗೆದುಕೊಂಡಿವೆ.

ಇನ್ನು ನಿತ್ಯದ ವಾಹನಗಳ ವಿಚಾರ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯ 2021ರ ವರದಿಯಂತೆ, 2010ರಿಂದ 2019ರವರೆಗಿನ ಹಣಕಾಸು ವರ್ಷಗಳಲ್ಲಿ ಅಲ್ಲಿಯ ಭೂಸೇನೆ ಮತ್ತು ಮೆರೀನ್ ದಳಗಳ ಸೇನಾ ವಾಹನಗಳು ಯುದ್ಧೇತರವಾಗಿ 3,753 ಅಪಘಾತಗಳಿಗೆ ಒಳಗಾಗಿ 123 ಮಂದಿ ಸತ್ತರು. ಇವುಗಳಲ್ಲಿ ಶೇಕಡ 63ರಷ್ಟು ಸಾವುಗಳು ವಾಹನ ಮಗುಚಿದುದಕ್ಕೆ ಸಂಬಂಧಿಸಿದವು. ಚಾಲಕನ ಅನವಧಾನ, ಮೇಲ್ವಿಚಾರಣೆಯ ಲೋಪ, ತರಬೇತಿಯ ಕೊರತೆ ಇವು ಪ್ರಮುಖ ಕಾರಣಗಳು. ಕರ್ತವ್ಯದ ಹೊರಗಿನ ಆಕಸ್ಮಿಕ ಮರಣಗಳಲ್ಲಿ ಸ್ವಂತ ವಾಹನಗಳ ಅಪಘಾತವೇ ಅಲ್ಲಿ ಬಹುಕಾಲದಿಂದ ಮೊದಲ ಸ್ಥಾನದಲ್ಲಿದೆ. ಆದುದರಿಂದ ರಜೆಗೆ ಹೊರಡುವವನು ದಾರಿ, ದೂರ, ನಿದ್ರೆಯ ಅವಧಿಗಳನ್ನು ಬರೆದು ಮೇಲಧಿಕಾರಿಯೊಡನೆ ಚರ್ಚಿಸುವ ಪದ್ಧತಿಯನ್ನು ಆ ಸೇನೆ ರೂಪಿಸಿತು. ತಿಂಗಳುಗಟ್ಟಲೆ ಕಾದ ರಜೆಯ ಒಂದು ಗಳಿಗೆಯನ್ನೂ ದಾರಿಯಲ್ಲಿ ಕಳೆಯಲೊಲ್ಲದ ತರುಣನು ನಿದ್ರೆಗೆಟ್ಟು ವಾಹನ ನಡೆಸುವುದನ್ನು ಬಲ್ಲವರಿಗೆ ಇದರ ಔಚಿತ್ಯ ತಿಳಿದೀತು.

ಬ್ಯಾಂಕಿನಲ್ಲಿ ದಿನದ ಕೊನೆಗೆ ಐದು ರೂಪಾಯಿ ಕಡಮೆಯಾದರೂ ಕಾರಣ ಸಿಗುವವರೆಗೆ ಹುಡುಕುತ್ತೇವೆ. ಐದು ರೂಪಾಯಿಯ ಮೋಹ ಇದಕ್ಕೆ ಕಾರಣವಲ್ಲ. ಅದೇ ಬಿರುಕಿನಿಂದ ನಾಳೆ ಐದು ಸಾವಿರ ಹೋದೀತೆಂಬ ಭಯ. ಸೈನ್ಯದಲ್ಲಿಯೂ ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳನ್ನು ಶಿಕ್ಷೆಯ ಭಯವಿಲ್ಲದೆ ವರದಿ ಮಾಡುವಂತಿರಬೇಕು. ಮಗುಚಲಿದ್ದು ಮಗುಚದ ವಾಹನ ಐದು ರೂಪಾಯಿಯ ಕೊರತೆಯಿದ್ದಂತೆ.

ಆ ಹೆಣ್ಣುಮಗಳಿಗೆ ನಾನು ಪತ್ರವನ್ನು ಓದಿ ಹೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆಲ್ಮೆಟ್ ಮನ್ಯಾಗ ಗೂಟಕ್ಕ ಇತ್ರೀ” ಎಂದಳು. ಅಕಸ್ಮಾತ್ ಎಂಬ ಪದವನ್ನು ಬಳಸುವಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಕಾರಣ ಇತ್ತು, ಉಪಾಯವೂ ಗೂಟದಲ್ಲಿ ತೂಗುತ್ತಿತ್ತು.