ಹಳೆಯ ಮುಂಬಯಿಯ ಸಾವಿನ ಲೆಕ್ಕ: ಬರೆದದ್ದು ಹೇಗೆ, ಓದುವುದು ಹೇಗೆ

ಬ್ರಿಟಿಷರ ಕಾಲದ ಮುಂಬಯಿಯಲ್ಲಿ ಪ್ಲೇಗಿಗೆ ಇಷ್ಟು, ಕಾಲರಾಕ್ಕೆ ಇಷ್ಟು ಜನ ಸತ್ತರು ಎಂಬ ಅಂಕಿಗಳನ್ನು ಪುಸ್ತಕಗಳಲ್ಲಿ ಓದುತ್ತೇವೆ. ಅವುಗಳಲ್ಲಿ ಎಷ್ಟು ಜನ ಸತ್ತರು ಎಂಬ ಲೆಕ್ಕ ಸಾಕಷ್ಟು ಗಟ್ಟಿಯಾದದ್ದು. ಯಾವುದರಿಂದ ಸತ್ತರು ಎಂಬುದು ಮಾತ್ರ ಬಹಳ ಸಡಿಲ. ಒಂದೇ ಪುಸ್ತಕದ ಎರಡು ಖಾನೆಗಳ ನಡುವೆ ಇಷ್ಟು ಅಂತರ ಏಕೆ ಬಂತು ಎಂಬುದು ಗೊತ್ತಾದರೆ ಹಳೆಯ ಅಂಕಿಗಳನ್ನು ಸರಿಯಾಗಿ ಓದುವುದು ಸುಲಭ.

ಸ್ಮಶಾನದಲ್ಲಿ ಶುರುವಾದ ದಾಖಲೆ

ಮುಂಬಯಿ ದ್ವೀಪದಲ್ಲಿ ಸಾವುಗಳ ನೋಂದಣಿ ವ್ಯವಸ್ಥಿತವಾಗಿ ಆರಂಭವಾದದ್ದು 1848ರಲ್ಲಿ. ಹೆಣ ಬರುವ ಜಾಗದಲ್ಲೇ ಲೆಕ್ಕ ಬರೆದುಕೊಳ್ಳುವ ಕ್ರಮ ಅದು. ಮನೆಯೊಳಗಿನ ಸಾವು ಹೊರಗೆ ತಿಳಿಯದೇ ಹೋಗಬಹುದು, ಆದರೆ ಹೆಣ ಸೋನಾಪುರದ ಸ್ಮಶಾನಕ್ಕೋ, ಕಬರಸ್ತಾನಕ್ಕೋ, ಪಾರ್ಸಿಗಳಾದರೆ ಮಲಬಾರ್ ಹಿಲ್‌ನ ಡೂಂಗರವಾಡಿಗೋ ಹೋಗಲೇಬೇಕು. ಇಕ್ಕಟ್ಟಾದ ದ್ವೀಪದಲ್ಲಿ ಇಂಥ ಜಾಗಗಳು ಕೆಲವೇ ಇದ್ದುದರಿಂದ ತಲೆಲೆಕ್ಕ ತಪ್ಪುವ ಸಂಭವ ಕಡಿಮೆಯಿತ್ತು. ಕಾರಣದ ಮಾತು ಹಾಗಲ್ಲ. ಬಹುಪಾಲು ಜನ ವೈದ್ಯರನ್ನು ಕಾಣದೆಯೇ ಸಾಯುತ್ತಿದ್ದರು. ಹೆಣ ತಂದ ನೆಂಟರು ಹೇಳಿದ್ದೇ ಕಾರಣವಾಗಿ ಪುಸ್ತಕ ಸೇರುತ್ತಿತ್ತು.

1865ರಲ್ಲಿ ಆರ್ಥರ್ ಕ್ರಾಫರ್ಡ್ ಮುನ್ಸಿಪಲ್ ಕಮಿಷನರ್ ಆದಾಗ ಡಾ. ಹ್ಯೂಲೆಟ್ ನಗರದ ಮೊದಲ ಆರೋಗ್ಯಾಧಿಕಾರಿಯಾದರು. 1888ರ ಮುಂಬಯಿ ಮುನ್ಸಿಪಲ್ ಕಾಯಿದೆ ಜನನ-ಮರಣ ನೋಂದಣಿಗೆ ಬಿಗಿಯಾದ ನಿಯಮ ತಂದಿತು. ಎ ಇಂದ ಜಿ ವರೆಗಿನ ಏಳು ವಾರ್ಡುಗಳು, ಅವುಗಳೊಳಗೆ ಮಾಂಡ್ವಿ, ಡೋಂಗ್ರಿ, ಕಾಮಾಠಿಪುರ, ಪರೇಲ್‌ನಂಥ ವಿಭಾಗಗಳು. ಪ್ರತಿ ವಾರ ವಿಭಾಗವಾರು, ಜಾತಿ-ಮತವಾರು ಪಟ್ಟಿ ತಯಾರಾಗುತ್ತಿತ್ತು.

‘ಜ್ವರ’ ಎಂಬ ಖಾನೆ

ದೇಶದ ಉದ್ದಗಲಕ್ಕೂ ನಮೂನೆಯ ಖಾನೆಗಳು ಕೆಲವೇ: ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ ಮತ್ತು ಅತಿಸಾರ, ಉಸಿರಾಟದ ಕಾಯಿಲೆ, ಗಾಯ, ಇತರ. ಹಳ್ಳಿಗಳಲ್ಲಿ ಇದನ್ನು ತುಂಬಿಸುತ್ತಿದ್ದವರು ಗ್ರಾಮಾಧಿಕಾರಿಗಳಾದ ಪಾಟೀಲ, ಕುಲಕರ್ಣಿಗಳು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕಡೆಯೂ ಇದೇ ಪದ್ಧತಿ. ಸಿಡುಬನ್ನು ಯಾರೂ ಗುರುತಿಸಬಲ್ಲರು, ಕಾಲರಾದ ವಾಂತಿಭೇದಿಯನ್ನೂ ಹೆಚ್ಚುಕಡಿಮೆ ಗುರುತಿಸಬಲ್ಲರು. ಉಳಿದದ್ದೆಲ್ಲ ಜ್ವರ. ಮಲೇರಿಯಾ, ವಿಷಮಶೀತ ಜ್ವರ, ನ್ಯುಮೋನಿಯಾ, ಒಮ್ಮೊಮ್ಮೆ ಕ್ಷಯ ಕೂಡ ಆ ಒಂದೇ ಖಾನೆಯೊಳಗೆ ಬೆರೆತುಹೋಗಿವೆ. ಹಾಗಾಗಿ ಹಳೆಯ ಪಟ್ಟಿಯಲ್ಲಿ ‘ಜ್ವರ’ ಎಂದಿದ್ದರೆ ರೋಗ ಯಾವುದೆಂದು ಬರೆದವರಿಗೇ ತಿಳಿದಿರಲಿಲ್ಲ ಎಂದು ಓದಿಕೊಳ್ಳುವುದು ಒಳ್ಳೆಯದು.

ಭಯ ಬದಲಿಸಿದ ಕಾರಣ

1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯ ರೋಗಿಗಳನ್ನು ನೋಡುತ್ತಿದ್ದ ಡಾ. ಅಕಾಸಿಯೊ ವಿಯೆಗಾಸ್ ಇದು ಗಡ್ಡೆಪ್ಲೇಗು ಎಂದು ಗುರುತಿಸಿದರು. ಮಾಂಡ್ವಿ ಧಾನ್ಯದ ಗೋದಾಮುಗಳ ಬೀದಿ, ಇಲಿಗಳಿಗೆ ಕೊರತೆಯಿಲ್ಲದ ಜಾಗ. ರೋಗದ ಹೆಸರು ಹೊರಬಿದ್ದದ್ದೇ ಅದನ್ನು ಮುಚ್ಚಿಡುವುದೂ ಶುರುವಾಯಿತು. ಮನೆಯಲ್ಲಿ ಪ್ಲೇಗು ಎಂದು ಬರೆಸಿದರೆ ರೋಗಿಯನ್ನು ಆಸ್ಪತ್ರೆಗೆ ಎಳೆದೊಯ್ಯುತ್ತಾರೆ, ಉಳಿದವರನ್ನು ಶಿಬಿರಕ್ಕೆ ಹಾಕುತ್ತಾರೆ, ಸಾಮಾನು ಸುಡುತ್ತಾರೆ. 1897ರ ಫೆಬ್ರವರಿಯ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳ ಕೈಗೆ ಇನ್ನಷ್ಟು ಬಲ ಕೊಟ್ಟಿತು. ಜನರ ಕೋಪ 1896ರ ಅಕ್ಟೋಬರಿನಲ್ಲಿ ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಗಿರಣಿ ಕಾರ್ಮಿಕರ ದಾಳಿಯಾಗಿ, 1898ರ ಮಾರ್ಚಿನಲ್ಲಿ ಮದನ್‌ಪುರದ ಗಲಭೆಯಾಗಿ ಸಿಡಿಯಿತು. ಮನೆಯ ಹೆಂಗಸನ್ನು ಪರರು ಮುಟ್ಟಿ ಪರೀಕ್ಷಿಸುವ ಭೀತಿಯಲ್ಲಿದ್ದ ಕುಟುಂಬ ‘ಬರೀ ಜ್ವರ’ ಎಂದು ಹೇಳಿದ್ದರೆ ಅದನ್ನು ಅಜ್ಞಾನವೆನ್ನಲು ನನಗೆ ಮನಸ್ಸು ಬಾರದು. ಆ ಸುಳ್ಳು ಹುಟ್ಟಿದ್ದು ದಾಖಲೆಯೇ ಶಿಕ್ಷೆಯಾಗಿದ್ದರಿಂದ.

ಹೆಚ್ಚುವರಿ ಸಾವಿನ ಲೆಕ್ಕ

ಮುಚ್ಚಿಟ್ಟದ್ದನ್ನು ಅಂದಾಜು ಮಾಡುವ ದಾರಿ ಆಗಲೇ ಇತ್ತು. ಹಿಂದಿನ ವರ್ಷಗಳಲ್ಲಿ ಅದೇ ವಾರ ಸರಾಸರಿ ಎಷ್ಟು ಜನ ಸತ್ತಿದ್ದರು ಎಂದು ನೋಡಿ, ಈ ವಾರದ ಒಟ್ಟು ಸಾವಿನಿಂದ ಅದನ್ನು ಕಳೆಯುವುದು. ಲೆಕ್ಕಕ್ಕೆಂದು ಹೇಳುವುದಾದರೆ, ಸರಾಸರಿ 500 ಇದ್ದ ವಾರ 1,200 ಸಾವಾಗಿ ಪ್ಲೇಗಿನ ಖಾನೆಯಲ್ಲಿ 300 ಮಾತ್ರ ಇದ್ದರೆ, ಇನ್ನುಳಿದ 400 ಹೆಚ್ಚುವರಿ ಸಾವು ಬೇರೆ ಖಾನೆಗಳಲ್ಲಿ ಅಡಗಿದೆ ಎಂದರ್ಥ. ಮುಂಬಯಿಯ ಪ್ಲೇಗ್ ವರದಿಗಳಲ್ಲೂ ಹೆಚ್ಚುವರಿ ಸಾವು ಪ್ಲೇಗಿನ ಸಾವಿಗಿಂತ ಬಹಳ ಹೆಚ್ಚಿತ್ತು. 1918ರ ಇನ್‌ಫ್ಲುಯೆಂಜಾಕ್ಕೂ ಈ ದಾರಿಯೇ ಬೇಕು. ಆ ವರ್ಷದ ಅಕ್ಟೋಬರ್ 6ರಂದು ನಗರದಲ್ಲಿ ಒಂದೇ ದಿನ 768 ಸಾವು ದಾಖಲಾಯಿತು. ಆ ಪಿಡುಗಿನ ಎಷ್ಟೋ ಸಾವುಗಳು ದೇಶದ ಪಟ್ಟಿಗಳಲ್ಲಿ ಜ್ವರ ಮತ್ತು ಉಸಿರಾಟದ ಖಾನೆಗಳಲ್ಲಿವೆ.

ಯಾರನ್ನು ಯಾರಿಂದ ಭಾಗಿಸಿದರು?

ಪ್ರಮಾಣ ಕಂಡಾಗ ಭಾಜಕವನ್ನೂ ನೋಡಬೇಕು. 1891ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 8,21,764, 1901ರಲ್ಲಿ 7,76,006. ನಡುವೆ ಪ್ಲೇಗಿಗೆ ಹೆದರಿ ಲಕ್ಷಗಟ್ಟಲೆ ಜನ ಊರು ಬಿಟ್ಟು, ಮತ್ತೆ ಬಂದರು. ಖಾಲಿಯಾದ ನಗರದ ಸಾವನ್ನು ತುಂಬಿದ ನಗರದ ಜನಸಂಖ್ಯೆಯಿಂದ ಭಾಗಿಸಿದರೆ ರೋಗದ ತೀವ್ರತೆ ಮಸುಕಾಗುತ್ತದೆ.

1921ರಲ್ಲಿ ಹುಟ್ಟಿದ ಸಾವಿರ ಮಕ್ಕಳಿಗೆ 660ಕ್ಕೂ ಹೆಚ್ಚು ಶಿಶುಮರಣ, ಒಂದೇ ಕೋಣೆಯ ಬಿಡಾರಗಳಲ್ಲಿ 828 ಎಂಬ ಅಂಕಿಯಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಚಾಳಿನ ಎಷ್ಟೋ ಹೆಂಗಸರು ಹೆರಿಗೆಗೆ ಊರಿಗೆ ಹೋಗುತ್ತಿದ್ದರು. ಮಗುವಿನ ಜನನ ಊರಿನ ಲೆಕ್ಕದಲ್ಲಿ, ಮರಳಿ ಬಂದ ಮೇಲಿನ ಮರಣ ಮುಂಬಯಿ ಲೆಕ್ಕದಲ್ಲಿ. ಮುಂಬಯಿಯಲ್ಲೇ ಆದ ಜನನಗಳೂ ಎಲ್ಲವೂ ಪುಸ್ತಕಕ್ಕೆ ಬರುತ್ತಿರಲಿಲ್ಲ. ಹೀಗಾಗಿ ಅಂಕಿ ಉಬ್ಬಿದೆ. ಹಾಗೆಂದು ತಳ್ಳಿಹಾಕುವಂತಿಲ್ಲ, ಇಕ್ಕಟ್ಟಾದ ಕೋಣೆ ಮಕ್ಕಳನ್ನು ಹೆಚ್ಚು ಕೊಲ್ಲುತ್ತಿತ್ತು ಎಂಬ ಸತ್ಯ ಅದರೊಳಗೇ ಇದೆ.

ಹಿರಿಯರ ದಾಖಲೆ ಹುಡುಕುವವರಿಗೆ

ಮುಂಬಯಿಗೆ ದುಡಿಯಲು ಬಂದು ಇಲ್ಲೇ ತೀರಿಕೊಂಡ ಅಜ್ಜಂದಿರ ಮರಣ ದಾಖಲೆ ಬೇಕೆಂದು ಎಷ್ಟೋ ಕನ್ನಡ ಕುಟುಂಬಗಳು ಕೇಳುತ್ತವೆ. ನೆನಪಿಡಬೇಕಾದದ್ದು:

- ಸಾವು ನೋಂದಣಿಯಾಗುವುದು ಅದು ಸಂಭವಿಸಿದ ಜಾಗದಲ್ಲಿ, ಹುಟ್ಟೂರಿನಲ್ಲಲ್ಲ.
- ಬಾಂದ್ರಾ, ಕುರ್ಲಾ, ಅಂಧೇರಿಗಳು ಹಿಂದೆ ನಗರದ ಭಾಗವಾಗಿರಲಿಲ್ಲ. 1920ರಲ್ಲಿ ಪ್ರತ್ಯೇಕ ಉಪನಗರ ಜಿಲ್ಲೆಯಾಗಿ, 1950 ಮತ್ತು 1957ರ ವಿಸ್ತರಣೆಗಳಲ್ಲಿ ಉಪನಗರಗಳು ಮಹಾನಗರಪಾಲಿಕೆಗೆ ಸೇರಿದವು. 1940ರಲ್ಲಿ ಅಂಧೇರಿಯಲ್ಲಿ ಆದ ಸಾವನ್ನು ನಗರದ ಪುಸ್ತಕದಲ್ಲಿ ಹುಡುಕಿ ಫಲವಿಲ್ಲ.
- ತಾರೀಖು ಖಚಿತವಿಲ್ಲದಿದ್ದರೆ ವರ್ಷ, ವಾರ್ಡು, ತಂದೆ ಅಥವಾ ಗಂಡನ ಹೆಸರು, ಅಂತ್ಯಕ್ರಿಯೆಯ ಜಾಗ ಇಷ್ಟನ್ನು ಮೊದಲು ಕಲೆಹಾಕಿ. ಹೆಸರನ್ನು ಬೇರೆ ಬೇರೆ ಕಾಗುಣಿತದಲ್ಲಿ ನೋಡಿ.
- ದಾಖಲೆಯಲ್ಲಿನ ಸಾವಿನ ದಿನವನ್ನು ನಂಬಿ. ಕಾರಣವನ್ನು ಒಂದು ಸುಳಿವು ಎಂದಷ್ಟೇ ತೆಗೆದುಕೊಳ್ಳಿ.

ಇಂದಿಗೂ ಮುಗಿಯದ ಕೆಲಸ

2020ರ ಜೂನ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಲೆಕ್ಕ ತಾಳೆ ನೋಡಿ ಕೋವಿಡ್ ಪಟ್ಟಿಗೆ 1,328 ಸಾವುಗಳನ್ನು ಹೊಸದಾಗಿ ಸೇರಿಸಿತು. ಅವುಗಳಲ್ಲಿ 862 ಮುಂಬಯಿಯವು. ಅದೇ ವರ್ಷ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ. 22.5 ಮಾತ್ರ. ಉಳಿದವರು ಏಕೆ ಸತ್ತರೆಂಬುದಕ್ಕೆ ವೈದ್ಯರ ಮಾತಿನ ಆಧಾರವಿಲ್ಲ. ಮನೆಯಲ್ಲಿ ಸಾವಾದರೆ 21 ದಿನಗಳೊಳಗೆ ನೋಂದಾಯಿಸಿ. ಚಿಕಿತ್ಸೆ ಕೊಟ್ಟ ವೈದ್ಯರಿಂದ ಕಾರಣದ ಪ್ರಮಾಣಪತ್ರ ಕೇಳಿ ಪಡೆಯಿರಿ. ‘ಹೃದಯ ನಿಂತಿತು’ ಎಂದಷ್ಟೇ ಬರೆದಿದ್ದರೆ, ಅದನ್ನು ನಿಲ್ಲಿಸಿದ ಕಾಯಿಲೆ ಯಾವುದೆಂದು ಬರೆಯಲು ಹೇಳಿ. ಯಾವ ಬೀದಿಗೆ ನೀರು ಬೇಕು, ಯಾವ ವಾರ್ಡಿಗೆ ಆಸ್ಪತ್ರೆ ಬೇಕು ಎಂಬ ತೀರ್ಮಾನ ಈ ಸಾಲುಗಳ ಮೇಲೇ ನಿಂತಿರುತ್ತದೆ.