ಜೇಬಿನಲ್ಲಿ ಬಚ್ಚಿಟ್ಟ ಬೆಂಕಿ

ವೈಟ್‌ಫೀಲ್ಡ್‌ನಲ್ಲೋ ಪೀಣ್ಯದಲ್ಲೋ ದುಡಿಯುವ ಮಗನ ಜೇಬಿನಲ್ಲಿ ಇ-ಸಿಗರೇಟು ಸಿಕ್ಕರೆ ಹೆತ್ತವರು ಚಟದ ಬಗ್ಗೆ ಚಿಂತಿಸುತ್ತಾರೆ. ಅದರ ಬ್ಯಾಟರಿಯೂ ಅಪಾಯಕಾರಿ ಎಂಬುದು ಹಲವರಿಗೆ ತಿಳಿದಿಲ್ಲ. ಇದರ ಮಾರಾಟವನ್ನು ಕರ್ನಾಟಕ 2016ರಲ್ಲಿ, ಕೇಂದ್ರ ಸರಕಾರ 2019ರಲ್ಲಿ ನಿಷೇಧಿಸಿವೆ. ಕದ್ದು ಮಾರುವ ಮಾಲಿನ ಗುಣಮಟ್ಟ ಪರೀಕ್ಷಿಸುವವರು ಯಾರು?

ಕೆಲವು ಸಾಧನಗಳಲ್ಲಿ ವಿದ್ಯುತ್ತನ್ನು ನಿಯಂತ್ರಿಸುವ ಸರ್ಕ್ಯೂಟೇ ಇರುವುದಿಲ್ಲ. 4.2 ವೋಲ್ಟಿನ ಲಿಥಿಯಂ ಬ್ಯಾಟರಿಗೆ 0.2 ಓಮ್‌ನ ಸುರುಳಿ ಜೋಡಿಸಿದರೆ 21 ಆಂಪಿಯರ್ ಹರಿಯುತ್ತದೆ. ಬ್ಯಾಟರಿ ಅದನ್ನು ತಾಳದಿದ್ದರೆ ಕಾದು ಸಿಡಿಯಬಹುದು. ಬಿಡಿ ಬ್ಯಾಟರಿಯ ಎರಡು ತುದಿಗಳಿಗೆ ಜೇಬಿನ ಕೀಲಿ, ನಾಣ್ಯ ತಗುಲಿದರೂ ಬೆಂಕಿ ಹೊತ್ತಿಕೊಳ್ಳಬಹುದು.

ಮನೆಯಲ್ಲಿ ಅಂತಹದು ಕಂಡರೆ ಚಾರ್ಜಿಗಿಡಬೇಡಿ, ಕಸಕ್ಕೂ ಹಾಕಬೇಡಿ. ಬ್ಯಾಟರಿಯ ತುದಿಗಳಿಗೆ ಟೇಪು ಅಂಟಿಸಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಗದರಿಸಿದರೆ ಮಗ ಅದನ್ನು ದಿಂಬಿನಡಿ ಬಚ್ಚಿಟ್ಟಾನು. ಪಕ್ಕದಲ್ಲಿ ಕೂರಿಸಿಕೊಂಡು ಪ್ರೀತಿಯಿಂದ ತಿಳಿಹೇಳಿ.