ಅರಸಿನ ಕುಂಕುಮದ ವಾಣ: ಈ ಬಾರಿ ನೆರೆಯ ಅಂಗಡಿಯಿಂದ ಬರಲಿ

ಮುಂಬಯಿ: ಮಕರ ಸಂಕ್ರಮಣ ಸಮೀಪಿಸುತ್ತಿದ್ದಂತೆ ಮಹಾನಗರ ಹಾಗೂ ಉಪನಗರಗಳ ತುಳು-ಕನ್ನಡಿಗರ ಸಂಘ-ಸಂಸ್ಥೆಗಳ ಮಹಿಳಾ ವಿಭಾಗಗಳಲ್ಲಿ ಚಟುವಟಿಕೆ ಗರಿಗೆದರುತ್ತದೆ. ಸಭಾಗೃಹ ಗೊತ್ತಾಗಿರುತ್ತದೆ, ಅತಿಥಿಗಳ ಒಪ್ಪಿಗೆ ಸಿಕ್ಕಿರುತ್ತದೆ, ಭಜನೆ-ನೃತ್ಯಗಳ ತಾಲೀಮು ನಡೆದಿರುತ್ತದೆ. ಆದರೆ ಸಮಿತಿಯ ಸಭೆಯಲ್ಲಿ ಅತಿ ಹೆಚ್ಚು ಹೊತ್ತು ಚರ್ಚೆಯಾಗುವುದು ಇವು ಯಾವುವೂ ಅಲ್ಲ. ‘ಈ ಸಲ ವಾಣ ಏನು ಕೊಡುವುದು?’ ಎಂಬುದೇ ಅಲ್ಲಿನ ದೊಡ್ಡ ಪ್ರಶ್ನೆ.

ಬಂದ ಮಹಿಳೆಯರಿಗೆ ಅರಸಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಎಳ್ಳುಂಡೆ ಕೊಟ್ಟು ಕೊನೆಗೆ ಕೈಗಿಡುವ ಪುಟ್ಟ ಉಡುಗೊರೆಯೇ ವಾಣ. ಬೆಲೆ ಸಣ್ಣದು, ಆದರೆ ಆಯ್ಕೆ ಸುಲಭವಲ್ಲ. ಕಳೆದ ವರ್ಷ ಕೊಟ್ಟದ್ದನ್ನು ಮತ್ತೆ ಕೊಡುವಂತಿಲ್ಲ. ಪಕ್ಕದ ಸಂಘದವರು ಕೊಟ್ಟದ್ದಕ್ಕಿಂತ ಕಡಿಮೆಯಾಗಬಾರದು. ನಿಧಿಯ ಮಿತಿಯನ್ನು ಮೀರಬಾರದು. ಕಡೆಗೆ ಯಾರಾದರೊಬ್ಬರು ಮೊಬೈಲಿನಲ್ಲಿ ಒಂದು ವಸ್ತುವಿನ ಚಿತ್ರ ತೋರಿಸುತ್ತಾರೆ, ಇನ್ನೂರು ನಗ ಕುಳಿತಲ್ಲೇ ಆರ್ಡರ್ ಆಗುತ್ತದೆ. ಸಭೆ ಮುಗಿಯುತ್ತದೆ. ಆದರೆ ಆ ಸಭೆಗೆ ಚಹಾ-ಬಿಸ್ಕತ್ತು ಕಳುಹಿಸಿದ ಬೀದಿಯ ಅಂಗಡಿಗೆ ಹಬ್ಬದ ಒಂದು ರೂಪಾಯಿಯೂ ತಲುಪುವುದಿಲ್ಲ.

ಇಲ್ಲಿ ಬಂದು ಕಲಿತ ಹಬ್ಬ

ಕರಾವಳಿಯಿಂದ ಬಂದ ಹೆಚ್ಚಿನ ಮಹಿಳೆಯರಿಗೆ ವಾಣ ಹಂಚುವ ಸಂಪ್ರದಾಯ ಊರಿನದಲ್ಲ. ಮುಂಬಯಿಯ ಚಾಳ್‌ಗಳಲ್ಲಿ ಮರಾಠಿ ನೆರೆಯವರ ‘ಹಳದಿ ಕುಂಕೂ’ಗೆ ಹೋಗಿ ಬಂದು, ಮುಂದಿನ ವರ್ಷ ಅವರನ್ನೂ ಮನೆಗೆ ಕರೆದು, ಹೀಗೆ ಕೊಡು-ಕೊಳ್ಳುತ್ತ ಕಲಿತದ್ದು. ಹಳೆ ಮೈಸೂರು ಕಡೆಯವರಿಗೆ ಎಳ್ಳು ಬೀರುವುದು ಹುಟ್ಟಿನಿಂದಲೇ ಗೊತ್ತು. ಉತ್ತರ ಕರ್ನಾಟಕದವರು ಮನೆಯಿಂದ ಮನೆಗೆ ಹಂಚುವ ಕುಸುರೆಳ್ಳು ಮತ್ತು ಮರಾಠಿಗರ ಸಕ್ಕರೆ ಲೇಪದ ಎಳ್ಳಿನ ‘ಹಲವಾ’ ಒಂದೇ ಕುಟುಂಬದವು. ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು’ ಎಂಬ ನಮ್ಮ ಮಾತಿಗೂ ‘ತಿಳಗುಳ ಘ್ಯಾ, ಗೋಡ ಬೋಲಾ’ ಎಂಬ ಅವರ ಮಾತಿಗೂ ಅರ್ಥದಲ್ಲಿ ವ್ಯತ್ಯಾಸವಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ (1902), ಮೈಸೂರು ಅಸೋಸಿಯೇಶನ್ (1926), ಬಂಟರ ಸಂಘ (1927) ಮೊದಲಾದ ಸಂಸ್ಥೆಗಳು ಬೇರೂರಿದ ಈ ನಗರದಲ್ಲಿ ಎಲ್ಲ ಪ್ರದೇಶದ ಕನ್ನಡಿಗರು ಒಟ್ಟಾಗಿ ಆಚರಿಸಬಲ್ಲ ಹಬ್ಬ ಇದು.

ಅರಸಿನ ಕುಂಕುಮಕ್ಕೆ ಸಂಕ್ರಮಣದಿಂದ ರಥಸಪ್ತಮಿಯ ತನಕ ಅವಕಾಶ. ಸಂಕ್ರಮಣ ಸೂರ್ಯನ ಲೆಕ್ಕದ್ದು, ಜನವರಿ 14 ಅಥವಾ 15ಕ್ಕೇ ಬರುತ್ತದೆ. ರಥಸಪ್ತಮಿ ಚಾಂದ್ರಮಾನದ ಮಾಘ ಶುದ್ಧ ಸಪ್ತಮಿ. ಆದ್ದರಿಂದ ನಡುವಿನ ದಿನಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. 2024ರಲ್ಲಿ ರಥಸಪ್ತಮಿ ಫೆಬ್ರವರಿ 16ಕ್ಕೆ ಬಂದು ಒಂದು ತಿಂಗಳಿಗೂ ಹೆಚ್ಚು ಅವಧಿ ಸಿಕ್ಕಿತ್ತು. 2025ರಲ್ಲಿ ಫೆಬ್ರವರಿ 4ಕ್ಕೆ, 2026ರಲ್ಲಿ ಜನವರಿ 25ಕ್ಕೇ ಬಂತು. ಅವಧಿ ಕಿರಿದಾದ ವರ್ಷ ಎಲ್ಲ ಸಂಘಗಳ ಕಾರ್ಯಕ್ರಮವೂ ಒಂದೆರಡು ರವಿವಾರಗಳಿಗೆ ಬೀಳುತ್ತದೆ. ಸಣ್ಣ ಅಂಗಡಿಯವರಿಗೆ ಡಿಸೆಂಬರಿನಲ್ಲೇ ತಿಳಿಸಿದರೆ ಮಾತ್ರ ಅವರು ಮಾಲು ತರಿಸಿಕೊಳ್ಳಬಲ್ಲರು.

ಸುತ್ತಿ ಬರುವ ಬಟ್ಟಲು

ಒಂದು ಕಾಲದಲ್ಲಿ ವಾಣವೆಂದರೆ ಸ್ಟೀಲಿನ ಬಟ್ಟಲು ಅಥವಾ ಪ್ಲಾಸ್ಟಿಕ್ ಡಬ್ಬಿ. ಪ್ರತಿ ಮನೆಯ ಕಪಾಟಿನ ಮೇಲಿನ ಖಾನೆಯಲ್ಲಿ ಇವುಗಳದ್ದೇ ಒಂದು ಸಂಸಾರ. ಬಳಸದೆ ಇಟ್ಟ ಬಟ್ಟಲು ಮುಂದಿನ ವರ್ಷ ಇನ್ನೊಬ್ಬರ ಮನೆಗೆ ವಾಣವಾಗಿ ಹೋಗುತ್ತದೆ. ಅಲ್ಲಿಂದ ಮತ್ತೊಂದು ಮನೆಗೆ. ಕೆಲವು ಬಟ್ಟಲುಗಳು ನಾಲ್ಕೈದು ಮನೆ ಸುತ್ತಿ ಮೊದಲಿನ ಯಜಮಾನಿಯ ಕೈಗೇ ಮರಳುವುದುಂಟು ಎಂದು ಮಹಿಳೆಯರೇ ನಗುತ್ತಾರೆ. ಮಹಾರಾಷ್ಟ್ರದಲ್ಲಿ 2018ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಹೊರಟು ಜೂನ್ 23ರಿಂದ ದಂಡ ವಿಧಿಸುವುದು ಆರಂಭವಾದ ಬಳಿಕ ಪ್ಲಾಸ್ಟಿಕ್ ಚೀಲಗಳಲ್ಲಿ ವಾಣ ಹಂಚುವ ರೂಢಿಗೂ ಕಡಿವಾಣ ಬಿತ್ತು. ಬದಲಾಯಿಸಲು ಅದೊಂದು ಒಳ್ಳೆಯ ನೆಪ.

ಕೊಟ್ಟದ್ದು ತಿಂಗಳೊಳಗೆ ತಿಂದು ಮುಗಿಯಬೇಕು, ಅಥವಾ ವರ್ಷವಿಡೀ ಬಳಕೆಯಾಗಬೇಕು. ಈ ಒಂದೇ ಅಳತೆಗೋಲು ಹಿಡಿದು ಸುತ್ತಮುತ್ತಲ ಅಂಗಡಿಗಳತ್ತ ನೋಡಿದರೆ ಆಯ್ಕೆಗಳಿಗೆ ಬರವಿಲ್ಲ.

ಏನೇನು ಕೊಡಬಹುದು?

ಎಳ್ಳು-ಬೆಲ್ಲದ ಪೊಟ್ಟಣ: ಬಿಳಿ ಎಳ್ಳು, ಬೆಲ್ಲದ ಚೂರು, ಕೊಬ್ಬರಿ, ಹುರಿದ ಶೇಂಗಾ, ಹುರಿಗಡಲೆ ಈ ಐದನ್ನು ಎರಡೆರಡು ಕಿಲೋದಂತೆ ಕಿರಾಣಿ ಅಂಗಡಿಯಿಂದ ತಂದರೆ ಹತ್ತು ಕಿಲೋ ಮಿಶ್ರಣ. ತಲಾ 50 ಗ್ರಾಮಿನ ಇನ್ನೂರು ಪೊಟ್ಟಣಗಳಾಗುತ್ತವೆ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬೆಲ್ಲದ ಚೂರುಗಳ ಜತೆಗೆ ಎರಡು ಮೂರು ದಿನ ಬಿಸಿಲು ಕಾಣಿಸಬೇಕು. ಇಲ್ಲವಾದರೆ ತೇವ ಕಟ್ಟಿ ಅಂಟಾಗುತ್ತದೆ. ಸದಸ್ಯೆಯರು ಒಂದು ಮಧ್ಯಾಹ್ನ ಕುಳಿತು ಪೊಟ್ಟಣ ಕಟ್ಟಿದರೆ ಅದೇ ಒಂದು ಕೂಟ.

ಊರಿನ ಅಂಗಡಿಯ ಸಾಮಾನು: ಉಪನಗರಗಳ ರೈಲು ನಿಲ್ದಾಣಗಳ ಆಸುಪಾಸು ‘ಮಂಗಳೂರು ಸ್ಟೋರ್ಸ್’ ಎಂದು ಎಲ್ಲರೂ ಕರೆಯುವ ಅಂಗಡಿಗಳಿವೆ. ಪುನರ್ಪುಳಿ, ಓಲೆಬೆಲ್ಲ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಸಾರಿನ ಪುಡಿ ಎಲ್ಲವೂ ಸಣ್ಣ ಕಟ್ಟುಗಳಲ್ಲಿ ಸಿಗುತ್ತವೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ನೂರು ಗ್ರಾಮಿನ ಕಟ್ಟು ಮಾಡಿ ಕೊಟ್ಟರೆ ಮರಾಠಿ, ಗುಜರಾತಿ ನೆರೆಯವರೂ ಕೇಳಿ ಪಡೆಯುತ್ತಾರೆ.

ಬಟ್ಟೆಯ ಚೀಲ: ಪ್ರತಿ ಕಾಲನಿಯಲ್ಲೂ ಮನೆಯಲ್ಲೇ ಹೊಲಿಗೆ ಯಂತ್ರವಿಟ್ಟು ರವಿಕೆ ಹೊಲಿಯುವ ಮಹಿಳೆಯರಿದ್ದಾರೆ. ಬಟ್ಟೆಯಂಗಡಿಯಲ್ಲಿ ಉಳಿದ ತುಂಡು ಬಟ್ಟೆ ಅಗ್ಗಕ್ಕೆ ಸಿಗುತ್ತದೆ. ತರಕಾರಿಗೆ ಹೊತ್ತೊಯ್ಯುವ ಗಟ್ಟಿ ಚೀಲಕ್ಕಿಂತ ಹೆಚ್ಚು ಬಳಕೆಯಾಗುವ ವಾಣ ಬೇರಿಲ್ಲ. ಅಂಗಡಿಗೂ ಲಾಭ, ಹೊಲಿದವರಿಗೂ ಕೂಲಿ.

ಮಣ್ಣಿನ ಸಾಮಾನು: ಧಾರಾವಿಯ ಕುಂಭಾರವಾಡದಲ್ಲಿ ಸೌರಾಷ್ಟ್ರ ಮೂಲದ ಕುಂಬಾರ ಕುಟುಂಬಗಳು ತಲೆಮಾರುಗಳಿಂದ ಮಡಕೆ, ಹಣತೆ ಮಾಡುತ್ತಿವೆ. ಸಂಕ್ರಮಣಕ್ಕೆ ಮರಾಠಿ ಮಹಿಳೆಯರು ಹಸಿ ಕಡಲೆ, ಕಬ್ಬಿನ ತುಂಡು, ಬೋರೆ ಹಣ್ಣು ತುಂಬಿ ಪೂಜಿಸುವ ‘ಸುಗಡ್’ ಎಂಬ ಪುಟ್ಟ ಮಡಕೆಗಳೂ ಈ ದಿನಗಳಲ್ಲಿ ರಸ್ತೆ ಬದಿಯಲ್ಲೇ ಸಿಗುತ್ತವೆ. ಉಪ್ಪು, ಮೊಸರು ಹಾಕಿಡುವ ಮುಚ್ಚಳದ ಕುಡಿಕೆ ಅಡುಗೆಮನೆಯಲ್ಲಿ ವರ್ಷವಿಡೀ ಕಾಣುವ ವಾಣ.

ಗಿಡ: ಫುಟ್‌ಪಾತ್ ಪಕ್ಕದ ನರ್ಸರಿಯಿಂದ ತುಳಸಿ, ದೊಡ್ಡಪತ್ರೆ ಅಥವಾ ವೀಳ್ಯದ ಬಳ್ಳಿ. ಫ್ಲ್ಯಾಟಿನ ಕಿಟಕಿಯ ಗ್ರಿಲ್ಲಿನಲ್ಲಿ ಇವಕ್ಕೆ ಜಾಗ ಸಾಕು. ದೊಡ್ಡಪತ್ರೆಯ ತಂಬುಳಿ ಮಾಡುವ ವಿಧಾನವನ್ನು ಒಂದು ಚೀಟಿಯಲ್ಲಿ ಬರೆದು ಕಟ್ಟಿದರೆ ಸೊಸೆಯಂದಿರಿಗೂ ಉಪಯೋಗ.

ಮಲ್ಲಿಗೆ: ಉಡುಪಿ ಜಿಲ್ಲೆಯ ಶಂಕರಪುರದ ಮಲ್ಲಿಗೆಯನ್ನು ಲೆಕ್ಕ ಹಾಕುವುದು ಚೆಂಡು, ಅಟ್ಟೆಗಳಲ್ಲಿ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಊರಿನಿಂದ ಬರುವ ಈ ಹೂವಿನ ದರ ದಿನ ದಿನಕ್ಕೆ ಬದಲಾಗುವುದರಿಂದ ಮಾಟುಂಗದ ಅಥವಾ ನಿಮ್ಮ ಬಡಾವಣೆಯ ಹೂವಿನವರಿಗೆ ಮೊದಲೇ ಹೇಳಿಡುವುದು ಕ್ಷೇಮ. ಎಲ್ಲರಿಗೂ ಒಂದೊಂದು ತುಂಡು ಮುಡಿಸಿದರೂ ಸಭಾಗೃಹದಲ್ಲಿ ಊರಿನ ವಾಸನೆ ಹಬ್ಬುತ್ತದೆ.

ಪುಸ್ತಕ: ಕನ್ನಡ ಓದಬಲ್ಲವರಿಗೆ ಒಂದು ಕಥಾ ಸಂಕಲನ, ಓದಲು ಬಾರದ ಮೊಮ್ಮಕ್ಕಳಿರುವ ಅಜ್ಜಿಯರಿಗೆ ಒಂದು ಅಕ್ಷರಮಾಲೆ. ದಶಕಗಳ ಕಾಲ ಮುಂಬಯಿಯಲ್ಲಿ ಬಾಳಿದ ಜಯಂತ ಕಾಯ್ಕಿಣಿಯವರ ಇಲ್ಲಿಯ ಕಥೆಗಳು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ 2018ರ ಡಿ.ಎಸ್.ಸಿ. ಸಾಹಿತ್ಯ ಪ್ರಶಸ್ತಿ ಪಡೆದವು. ಆ ಪುಸ್ತಕದ ಹೆಸರು ‘ನೋ ಪ್ರೆಸೆಂಟ್ಸ್ ಪ್ಲೀಸ್’. ಉಡುಗೊರೆ ಬೇಡವೆನ್ನುವ ಪುಸ್ತಕವನ್ನೇ ಉಡುಗೊರೆಯಾಗಿ ಕೊಟ್ಟರೆ ಯಾರೂ ಬೇಡವೆನ್ನಲಾರರು.

ಮಗುವಿರುವ ಮನೆಗೆ: ಐದು ವರ್ಷದೊಳಗಿನ ಮಕ್ಕಳಿಗೆ ಎಲಚಿ ಹಣ್ಣು, ಕಬ್ಬಿನ ತುಂಡು ಎರೆಯುವ ನಮ್ಮ ಪದ್ಧತಿಯೇ ಮರಾಠಿಗರಲ್ಲಿ ‘ಬೋರ್‌ನ್ಹಾಣ’. ಸಕ್ಕರೆ ಲೇಪದ ಎಳ್ಳಿನಿಂದ ಮಾಡಿದ ಹಾರ, ಕಿರೀಟ, ಬಳೆಗಳು ಈ ದಿನಗಳಲ್ಲಿ ದಾದರ್ ಪಶ್ಚಿಮದ ಅಂಗಡಿಗಳಲ್ಲಿ ದೊರೆಯುತ್ತವೆ. ಸಂಘದ ಹೊಸ ಮಗುವಿಗೂ ಹೊಸ ಸೊಸೆಗೂ ಇದಕ್ಕಿಂತ ಚಂದದ ಅಲಂಕಾರವಿಲ್ಲ.

ಜಾಹೀರಾತಿಗೆ ಇವರು, ಖರೀದಿಗೆ ಬೇರೆಯವರು

ವಾರ್ಷಿಕೋತ್ಸವ ಬಂತೆಂದರೆ ಸಂಘದ ಪದಾಧಿಕಾರಿಗಳು ಸ್ಮರಣ ಸಂಚಿಕೆಯ ಜಾಹೀರಾತಿಗಾಗಿ ಮೊದಲು ಹತ್ತುವುದು ಈ ಸಣ್ಣ ಅಂಗಡಿಗಳ ಮೆಟ್ಟಿಲನ್ನೇ. ಕಿರಾಣಿಯವರು ಅರ್ಧ ಪುಟ, ಬಟ್ಟೆಯವರು ಕಾಲು ಪುಟ, ಹೂವಿನವರು ಒಂದು ಶುಭಾಶಯ. ಯಕ್ಷಗಾನಕ್ಕೆ, ಮಕ್ಕಳ ಪುಸ್ತಕ ವಿತರಣೆಗೆ, ಅನಾರೋಗ್ಯದ ನೆರವಿಗೆ ಚೀಟಿ ಹರಿಸಿಕೊಂಡವರೂ ಅವರೇ. ವ್ಯಾಪಾರವಾಗಲಿ ಬಿಡಲಿ, ಮುಖ ನೋಡಿ ಕೊಟ್ಟವರು. ಅದೇ ಸಂಘದ ಖರೀದಿಯ ಹೊತ್ತಿಗೆ ಆ ಮೆಟ್ಟಿಲು ಮರೆತು ಹೋಗುತ್ತದೆ.

ಇನ್ನೂರು ಮಂದಿಗೆ ತಲಾ 60 ರೂಪಾಯಿಯ ವಾಣವೆಂದರೆ 12,000 ರೂಪಾಯಿ. ದೊಡ್ಡ ಕಂಪೆನಿಗೆ ಅದು ಲೆಕ್ಕಕ್ಕೇ ಸಿಗದು. ಬಾಡಿಗೆ, ವಿದ್ಯುತ್ ಬಿಲ್ಲು, ಹುಡುಗನ ಸಂಬಳ ಹೊಂದಿಸುವ ಗೂಡಂಗಡಿಗೆ ಅದು ಮಂದಗತಿಯ ತಿಂಗಳಲ್ಲಿ ಒಂದು ಊರುಗೋಲು. ಹಳೆ ಕಟ್ಟಡಗಳು ಪುನರಾಭಿವೃದ್ಧಿಗೆ ಹೋದಾಗ ವರ್ಷಗಟ್ಟಲೆ ಬೇರೆಡೆ ಬಾಗಿಲು ತೆರೆಯಬೇಕಾದ ಅಂಗಡಿಗಳೂ ಇವೇ. ಹಳೆ ಗಿರಾಕಿ ಹುಡುಕಿಕೊಂಡು ಬಂದರೆ ಮಾತ್ರ ಅವು ಉಳಿಯುತ್ತವೆ.

ಬೆಲೆ ತುಸು ಹೆಚ್ಚಾಗಬಹುದು ಎಂಬ ಆಕ್ಷೇಪ ನಿಜ. ಆದರೆ ಪರಿಚಯದ ಅಂಗಡಿಯಲ್ಲಿ ಉಳಿದ ಇಪ್ಪತ್ತು ನಗವನ್ನು ಹಿಂದಿರುಗಿಸುವ ಮಾತನ್ನು ಮೊದಲೇ ಆಡಿಕೊಳ್ಳಬಹುದು, ಒಡೆದದ್ದನ್ನು ಬದಲಾಯಿಸಿಕೊಳ್ಳಬಹುದು, ಕಡೆ ಗಳಿಗೆಯಲ್ಲಿ ಕಡಿಮೆ ಬಿದ್ದರೆ ಫೋನು ಮಾಡಿ ತರಿಸಿಕೊಳ್ಳಬಹುದು. ಇಡೀ ಮೊತ್ತ ಒಂದೇ ಕಡೆ ಕೊಡದೆ ಸಾಮಾನು ಒಬ್ಬರಿಂದ, ಚೀಲ ಇನ್ನೊಬ್ಬರಿಂದ, ಹೂವು ಮತ್ತೊಬ್ಬರಿಂದ ಪಡೆದರೆ ಮೂರು ಮನೆಗೆ ಹಬ್ಬ. ಅರ್ಧ ಮುಂಗಡ ಕೊಟ್ಟು, ಸರಿಯಾದ ಬಿಲ್ಲು ಪಡೆದರೆ ಸಂಘದ ಲೆಕ್ಕ ಪರಿಶೋಧನೆಗೂ ತೊಂದರೆಯಿಲ್ಲ. ಕಾರ್ಯಕ್ರಮದ ದಿನ ಅಂಗಡಿಯವರ ಹೆಸರನ್ನು ವೇದಿಕೆಯಿಂದ ಒಮ್ಮೆ ಹೇಳಿದರೆ ಅದಕ್ಕೆ ಖರ್ಚಿಲ್ಲ.

‘ಎಷ್ಟು ಜನಕ್ಕೆ?’

ಯಾವ ಅಂಗಡಿಗೆ ಹೋದರೂ ಮೊದಲು ಕೇಳುವ ಪ್ರಶ್ನೆ, ‘ಎಷ್ಟು ಜನಕ್ಕೆ?’. ಈ ಪ್ರಶ್ನೆಗೆ ಉತ್ತರಿಸುವ ಮೊದಲು ಮಹಿಳಾ ವಿಭಾಗಗಳು ಒಂದು ಕ್ಷಣ ಯೋಚಿಸಬೇಕಾಗಿದೆ. ಎಣಿಕೆಯಲ್ಲಿ ಗಂಡನನ್ನು ಕಳೆದುಕೊಂಡ ಸದಸ್ಯೆಯರೂ ಸೇರಿದ್ದಾರೆಯೇ? ವರ್ಷವಿಡೀ ಭಜನೆಗೆ, ಅಡುಗೆಗೆ, ಚಂದಾ ಸಂಗ್ರಹಕ್ಕೆ ಮುಂದಿರುವ ಹಿರಿಯರು ಅರಸಿನ ಕುಂಕುಮದ ದಿನ ಮಾತ್ರ ಮನೆಯಲ್ಲೇ ಉಳಿಯುವುದು, ಬಂದರೂ ಕಡೆಯ ಸಾಲಿನಲ್ಲಿ ಕುಳಿತು ವಾಣ ಹಂಚುವ ಹೊತ್ತಿಗೆ ಎದ್ದು ಹೋಗುವುದು ಹಲವೆಡೆ ಕಾಣುವ ನೋಟ. ಕರೆಯದವರಿಗೂ ಕರೆಯಿಸಿಕೊಳ್ಳದವರಿಗೂ ಅದು ಸಂಕಟ.

ಕರ್ನಾಟಕದ ಗಡಿಗೆ ಹತ್ತಿರದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯತ್ 2022ರ ಮೇ ತಿಂಗಳಲ್ಲಿ ವಿಧವೆಯರ ಕುಂಕುಮ ಅಳಿಸುವ, ಬಳೆ ಒಡೆಯುವ ಪದ್ಧತಿಗಳನ್ನು ನಿಲ್ಲಿಸುವ ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರಕಾರ ಇತರ ಪಂಚಾಯತ್‌ಗಳೂ ಈ ಮಾದರಿ ಅನುಸರಿಸುವಂತೆ ಸುತ್ತೋಲೆ ಹೊರಡಿಸಿತು. ಹಳ್ಳಿಯೊಂದು ಮಾಡಿದ್ದನ್ನು ಮಹಾನಗರದ ಸಂಘಗಳು ಮಾಡಲಾರದೆ ಉಳಿಯಬೇಕಿಲ್ಲ. ಕುಂಕುಮ ಹಚ್ಚಿಸಿಕೊಳ್ಳುವುದು ಅವರವರ ಇಷ್ಟಕ್ಕೆ ಬಿಟ್ಟದ್ದು. ಎಳ್ಳು-ಬೆಲ್ಲಕ್ಕೆ, ಚೀಲಕ್ಕೆ, ತುಳಸಿ ಗಿಡಕ್ಕೆ, ಪುಸ್ತಕಕ್ಕೆ ಆ ಭೇದವಿಲ್ಲ. ಎಲ್ಲರಿಗೂ ಕೊಡಬಹುದಾದ ವಸ್ತುವನ್ನೇ ವಾಣವಾಗಿ ಆರಿಸಿ, ಆಮಂತ್ರಣದಲ್ಲಿ ‘ಎಲ್ಲ ಸದಸ್ಯೆಯರಿಗೂ’ ಎಂದು ಅಚ್ಚು ಹಾಕಿಸಿ, ಹಿರಿಯರೊಬ್ಬರ ಕೈಯಿಂದಲೇ ಮೊದಲ ವಾಣ ಕೊಡಿಸಿದರೆ ದೊಡ್ಡ ಭಾಷಣದ ಅಗತ್ಯ ಬೀಳದು.

ಆದ್ದರಿಂದ ಈ ಬಾರಿ ಸಮಿತಿಯ ಸಭೆ ಮುಗಿದ ಕೂಡಲೇ ಮೊಬೈಲು ತೆರೆಯುವ ಬದಲು ಇಬ್ಬರು ಮೂವರು ಕೆಳಗಿಳಿದು ಬೀದಿಯ ಅಂಗಡಿಯ ತನಕ ಹೋಗಿ ಬರಲಿ. ‘ಎಷ್ಟು ಜನಕ್ಕೆ?’ ಎಂದು ಅಂಗಡಿಯವರು ಕೇಳಿದಾಗ ಯಾರನ್ನೂ ಬಿಡದ ಸಂಖ್ಯೆ ಹೇಳಲಿ. ಎಳ್ಳಿನಂತೆ ಸ್ನೇಹ, ಬೆಲ್ಲದಂತೆ ಮಾತು ಎಲ್ಲರ ಮನೆ ತುಂಬಲಿ.